ನೀರು ಬಟ್ಟೆಗೆ ಹಾಕಿ, ಸ್ಕ್ರೀನ್‌ಗೆ ಬೇಡ

ಮುಂಬೈಯ ನಮ್ಮ ಮನೆಗಳಲ್ಲಿ ಕಂಪ್ಯೂಟರ್‌ಗೆ ಬೇರೆ ಕೋಣೆ ಸಿಗುವುದು ಕಷ್ಟ. ಡೊಂಬಿವಲಿ ಇರಲಿ, ಮುಲುಂಡ್ ಇರಲಿ, ಹಾಲ್‌ನ ಒಂದು ಮೂಲೆಯಲ್ಲಿ ಮೇಜು, ಅದರ ಮೇಲೆ ಮಾನಿಟರ್, ನಾಲ್ಕು ಹೆಜ್ಜೆ ಆಚೆ ಒಲೆ. ಬೆಳಗ್ಗೆ ಒಗ್ಗರಣೆ ಹಾಕಿದರೆ ಎಣ್ಣೆ ಹೊಗೆ ಹಾಲ್‌ವರೆಗೂ ಬರುತ್ತದೆ. ಕಿಟಕಿ ತೆಗೆದರೆ ರಸ್ತೆ ಧೂಳು. ಪಕ್ಕದ ವಸತಿ ಸೊಸೈಟಿಯಲ್ಲಿ ರೀಡೆವಲಪ್‌ಮೆಂಟ್, ಅಂದರೆ ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ಕೆಲಸ, ನಡೆಯುತ್ತಿದ್ದರೆ ಸಿಮೆಂಟ್ ಪುಡಿಯೂ ಸೇರುತ್ತದೆ. ದೇವರ ಮುಂದಿನ ಊದುಬತ್ತಿ ಹೊಗೆ ಬೇರೆ. ಇವೆಲ್ಲ ಸೇರಿ ಸ್ಕ್ರೀನ್ ಮೇಲೆ ಒಂದು ಅಂಟು ಪದರ ಕೂರುತ್ತದೆ. ಹಾಗಾಗಿ ನಮ್ಮಲ್ಲಿ ಬರೀ ಧೂಳು ಒರೆಸಿದರೆ ಆಗುವುದಿಲ್ಲ. ಧೂಳು ಮೊದಲು, ಜಿಡ್ಡು ಆಮೇಲೆ, ಎರಡನ್ನೂ ಬೇರೆ ಬೇರೆಯಾಗಿ ತೆಗೆಯಬೇಕು.

ಇದಕ್ಕಿಂತ ಮುಂಚೆ ಒಂದು ಮಾತು ತಿಳಿದಿರಲಿ. ಹಿಂದಿನ ಡಬ್ಬಾ ಟಿವಿಯ ಮುಂದೆ ದಪ್ಪ ಗಾಜು ಇರುತ್ತಿತ್ತು. ಒದ್ದೆ ಪೇಪರ್ ಹಿಡಿದು ಉಜ್ಜಿದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ. ನಮ್ಮಂಥ ಹಿರಿಯರ ಕೈಗೆ ಅದೇ ಅಭ್ಯಾಸ. ಆದರೆ ಈಗಿನ ಬಹಳಷ್ಟು ಮಾನಿಟರ್‌ಗಳಲ್ಲಿ ನಮ್ಮ ಬೆರಳಿಗೆ ತಾಗುವುದು ಗಾಜಲ್ಲ, ತೆಳು ಪ್ಲಾಸ್ಟಿಕ್ ಹಾಳೆ. ಬೆಳಕು ಕಣ್ಣಿಗೆ ಹೊಡೆಯದಿರಲಿ ಅಂತ ಅದರ ಮೇಲೆ ಇನ್ನೂ ತೆಳುವಾದ ಒಂದು ಲೇಪ ಇರುತ್ತದೆ. ಆ ಲೇಪ ಒಮ್ಮೆ ಕಿತ್ತರೆ ಅಲ್ಲಿ ಮಸುಕು ಕಲೆ ಉಳಿದುಬಿಡುತ್ತದೆ. ಮತ್ತೆ ಸರಿ ಮಾಡಲು ಬರುವುದಿಲ್ಲ. ನಿಮ್ಮದು ಯಾವ ತರಹದ್ದು ಅಂತ ನೋಡಬೇಕಾದರೆ ಮಾನಿಟರ್ ಆಫ್ ಮಾಡಿ, ಟ್ಯೂಬ್‌ಲೈಟ್‌ನ ಪ್ರತಿಬಿಂಬ ಅದರಲ್ಲಿ ಹೇಗೆ ಕಾಣುತ್ತದೆ ನೋಡಿ. ಟ್ಯೂಬಿನ ಅಂಚು ಚೂಪಾಗಿ ಕಂಡರೆ ಹೊಳಪಿನ ಸ್ಕ್ರೀನ್. ಬರೀ ಬಿಳಿ ಮಬ್ಬು ಕಂಡರೆ ಮ್ಯಾಟ್ ಸ್ಕ್ರೀನ್. ಮ್ಯಾಟ್ ಆದರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು.

ಗಾಜಿನ ಕಪಾಟು ಒರೆಸುವ ನೀಲಿ ಸ್ಪ್ರೇ ಇದರ ಹತ್ತಿರ ತರಬೇಡಿ. ಅಂಥ ದ್ರವಗಳಲ್ಲಿ ಕೆಲವದರಲ್ಲಿ ಅಮೋನಿಯಾ ಇರುತ್ತದೆ, ಕೆಲವದರಲ್ಲಿ ಆಲ್ಕೋಹಾಲ್. ಎರಡೂ ಲೇಪಕ್ಕೆ ಒಳ್ಳೆಯದಲ್ಲ. ನೇಲ್ ಪಾಲಿಶ್ ತೆಗೆಯುವ ದ್ರವ ಅಂತೂ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಕೈಗೆ ಹಾಕುವ ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಜೊತೆ ಗ್ಲಿಸರಿನ್ ಕೂಡ ಇರುತ್ತದೆ, ಅದರಿಂದ ಒರೆಸಿದರೆ ಮತ್ತೆ ಅಂಟು. ಕೆಲವು ಕಂಪನಿಯವರು 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಆಗಬಹುದು ಅನ್ನುತ್ತಾರೆ, ಕೆಲವರು ಬೇಡವೇ ಬೇಡ ಅನ್ನುತ್ತಾರೆ. ಮಾನಿಟರ್ ಜೊತೆ ಬಂದ ಪುಸ್ತಕದಲ್ಲಿ ಏನು ಬರೆದಿದೆಯೋ ಅಷ್ಟೇ ಮಾಡಿ. ಮನೆಗೆ ನನ್ನ ಸಲಹೆ ನೀರು ಮಾತ್ರ. ನೂರಕ್ಕೆ ತೊಂಬತ್ತು ಸಲ ನೀರೇ ಸಾಕಾಗುತ್ತದೆ.

ನೀರು ಅಂದರೆ ಯಾವ ನೀರು? ಮುಂಬೈ ಪಾಲಿಕೆಯ ನಲ್ಲಿಗೆ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಕಡೆಯ ಜಲಾಶಯಗಳಲ್ಲಿ ನಿಂತ ಮಳೆ ನೀರು. ಅದು ಮೆದು ನೀರು, ಅಷ್ಟು ಕಲೆ ಬಿಡುವುದಿಲ್ಲ. ಆದರೆ ಬೋರ್‌ವೆಲ್ ಇರುವ ಸೊಸೈಟಿ, ಟ್ಯಾಂಕರ್ ತರಿಸುವ ಸೊಸೈಟಿ ಎಷ್ಟಿಲ್ಲ ಹೇಳಿ. ಆ ನೀರು ಆರಿದ ಮೇಲೆ ಸ್ಟೀಲ್ ಪಾತ್ರೆಯ ಮೇಲೆ ಬಿಳಿ ಚುಕ್ಕೆ ಉಳಿಯುತ್ತದಲ್ವಾ, ಸ್ಕ್ರೀನ್ ಮೇಲೂ ಅದೇ ಉಳಿಯುತ್ತದೆ. ಕುದಿಸಿ ಆರಿಸಿದರೆ ಕ್ರಿಮಿ ಸಾಯುತ್ತವೆ, ಉಪ್ಪಿನಂಶ ಪೂರ್ತಿ ಹೋಗುವುದಿಲ್ಲ. ಅಂಥ ಕಡೆ ಡಿಸ್ಟಿಲ್ಡ್ ವಾಟರ್ ತನ್ನಿ. ಇನ್‌ವರ್ಟರ್ ಬ್ಯಾಟರಿಗೆ ಹಾಕುವ ನೀರು ಅಂತ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಲೇಬಲ್ ಓದಲೇಬೇಕು, ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ. ಅದಕ್ಕೆ ಹೋಗಲು ಆಗದಿದ್ದರೆ ಆರ್‌ಒ ಫಿಲ್ಟರಿನ ನೀರು ನಡೆಯುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರು ಶುದ್ಧ ಅಂತ ಕೆಲವರು ಹಿಡಿದಿಡುತ್ತಾರೆ. ಅದರಲ್ಲಿ ಏಸಿಯೊಳಗಿನ ಧೂಳು, ಬೂಷ್ಟು ಎಲ್ಲ ಇರುತ್ತದೆ. ಗಿಡಕ್ಕೆ ಹಾಕಿ, ಸ್ಕ್ರೀನ್‌ಗೆ ಬೇಡ.

ಬಟ್ಟೆ ಮೈಕ್ರೋಫೈಬರ್ ಆಗಿರಬೇಕು. ಕನ್ನಡಕದ ಜೊತೆ ಕೊಡುತ್ತಾರಲ್ಲ, ಆ ಜಾತಿಯದು, ಸ್ವಲ್ಪ ದೊಡ್ಡದು. ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಯಾವ ಕಂಪ್ಯೂಟರ್ ಅಂಗಡಿಯಲ್ಲಾದರೂ ಸಿಗುತ್ತದೆ. ಎರಡು ತನ್ನಿ, ಒಂದು ಒದ್ದೆಗೆ, ಒಂದು ಒಣಗಿದ್ದಕ್ಕೆ. ಹಳೆ ಬನಿಯನ್, ಟವೆಲ್, ಪೇಪರ್ ನ್ಯಾಪ್ಕಿನ್, ಟಿಶ್ಯೂ ಯಾವುದೂ ಬೇಡ. ಟಿಶ್ಯೂ ಮೆತ್ತಗೆ ಅನಿಸಿದರೂ ಅದು ಮರದ ನಾರಿನಿಂದ ಆದದ್ದು. ಸಣ್ಣ ಗೀರು ಬೀಳುತ್ತದೆ, ನೂಲು ಉದುರುತ್ತದೆ. ಮನೆಗೆ ಕೆಲಸದವರು ಬರುತ್ತಿದ್ದರೆ, ಟಿಪಾಯಿ ಒರೆಸಿದ ಒದ್ದೆ ಬಟ್ಟೆಯಲ್ಲೇ ಮಾನಿಟರ್ ಕೂಡ ಒರೆಸಿಬಿಡುವುದು ಸಹಜ. ಅವರ ತಪ್ಪಲ್ಲ, ನಾವು ಹೇಳಿರುವುದಿಲ್ಲ. ಮೊದಲ ದಿನವೇ ಪ್ರೀತಿಯಿಂದ ಹೇಳಿ, ಅದೊಂದು ಬಿಟ್ಟುಬಿಡಿ, ನಾನೇ ನೋಡಿಕೊಳ್ಳುತ್ತೇನೆ ಅಂತ.

ಈಗ ಕೆಲಸಕ್ಕೆ ಬರೋಣ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಮಾನಿಟರಿನ ಪ್ಲಗ್ ತೆಗೆಯಿರಿ. ಬಿಸಿ ಆರುವವರೆಗೆ ಕಾಯಿರಿ. ಬೆಚ್ಚಗಿರುವ ಸ್ಕ್ರೀನ್ ಮೇಲೆ ನೀರು ಬೇಗ ಆರಿ ಗೆರೆ ಬಿಡುತ್ತದೆ. ಕಪ್ಪಾದ ಸ್ಕ್ರೀನ್‌ನಲ್ಲಿ ಕೊಳೆ ಎಲ್ಲೆಲ್ಲಿ ಇದೆ ಅಂತಲೂ ಚೆನ್ನಾಗಿ ಕಾಣುತ್ತದೆ. ಮೊದಲು ಒಣ ಬಟ್ಟೆಯಿಂದ ಮೇಲಿಂದ ಕೆಳಗೆ, ಒಂದೇ ದಿಕ್ಕಿನಲ್ಲಿ, ಹಗುರವಾಗಿ ಧೂಳು ತೆಗೆಯಿರಿ. ಇದನ್ನು ಬಿಟ್ಟು ನೇರ ಒದ್ದೆ ಬಟ್ಟೆ ಹಾಕಿದರೆ ಸಿಮೆಂಟ್ ಪುಡಿ ಬಟ್ಟೆಗೆ ಅಂಟಿ ಮರಳು ಕಾಗದದ ಕೆಲಸ ಮಾಡುತ್ತದೆ. ಬಾಯಿಂದ ಊದಬೇಡಿ, ಎಂಜಲು ಹನಿ ಬೀಳುತ್ತದೆ. ಅಂಚಿನ ಸಂದಿಗೆ ಕ್ಯಾಮೆರಾದವರು ಬಳಸುವ ರಬ್ಬರ್ ಬ್ಲೋವರ್ ಒಳ್ಳೆಯದು.

ಆಮೇಲೆ ಬಟ್ಟೆಯ ಒಂದು ಮೂಲೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿ. ಬಿಗಿಯಾಗಿ ಹಿಂಡಿದರೂ ಒಂದು ಹನಿಯೂ ಬೀಳಬಾರದು, ಅಷ್ಟು ತೇವ ಸಾಕು. ಸ್ಕ್ರೀನ್ ಮೇಲೆ ನೇರ ಸ್ಪ್ರೇ ಮಾಡಲೇಬೇಡಿ. ಅಲ್ಲಿ ಬಿದ್ದ ನೀರು ಕೆಳಗೆ ಇಳಿದು ಚೌಕಟ್ಟಿನ ಸಂದಿಯೊಳಗೆ ಹೋಗುತ್ತದೆ. ಬಹಳ ಮಾನಿಟರ್‌ಗಳಲ್ಲಿ ಚಿತ್ರ ಮೂಡಿಸುವ ಸೂಕ್ಷ್ಮ ತಂತಿಗಳ ಜೋಡಣೆ ಇರುವುದು ಆ ಅಂಚಿನಲ್ಲೇ. ಅಲ್ಲಿ ನೀರು ತಾಗಿದರೆ ಸ್ಕ್ರೀನ್ ಉದ್ದಕ್ಕೂ ಗೆರೆ ಬರುತ್ತದೆ. ಆಮೇಲೆ ಪ್ಯಾನೆಲ್ಲೇ ಬದಲಿಸಬೇಕಾಗಬಹುದು, ಅದರ ಖರ್ಚಿಗೆ ಎಷ್ಟೋ ಸಲ ಹೊಸ ಮಾನಿಟರೇ ಬಂದುಬಿಡುತ್ತದೆ. ಒರೆಸುವಾಗ ಕೈ, ಮಲಗಿದ ಮಗುವಿನ ಹಣೆ ಒರೆಸುವಷ್ಟು ಹಗುರ ಇರಲಿ. ಒಳಗೆ ಎರಡು ತೆಳು ಗಾಜಿನ ನಡುವೆ ಇರುವ ಲಿಕ್ವಿಡ್ ಕ್ರಿಸ್ಟಲ್ ಪದರ ಕೆಲವೇ ಮೈಕ್ರಾನ್ ದಪ್ಪ, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಒತ್ತಿದರೆ ಅದಕ್ಕೆ ಪೆಟ್ಟು. ಲ್ಯಾಪ್‌ಟಾಪ್ ಆದರೆ ಒಂದು ಕೈ ಮುಚ್ಚಳದ ಹಿಂದೆ ಆನಿಸಿ ಹಿಡಿಯಿರಿ, ಇಲ್ಲದಿದ್ದರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಕೊನೆಗೆ ಒಣ ಬಟ್ಟೆಯಿಂದ ಒಮ್ಮೆ ಒರೆಸಿ. ಮಳೆಗಾಲದಲ್ಲಿ ಇಲ್ಲಿ ಯಾವುದೂ ಬೇಗ ಆರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಗಂಟೆಯಾದರೂ ಬಿಟ್ಟು ಆಮೇಲೆ ಸ್ವಿಚ್ ಹಾಕಿ.

ಒಗ್ಗರಣೆಯ ಜಿಡ್ಡು ನೀರಿಗೆ ಬಗ್ಗದಿದ್ದರೆ ಒಂದು ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಅದರಲ್ಲಿ ಬಟ್ಟೆ ಅದ್ದಿ, ಹಿಂಡಿ, ಒರೆಸಿ. ಆಮೇಲೆ ಸಾದಾ ನೀರಿನ ಬಟ್ಟೆಯಿಂದ ಸೋಪು ತೆಗೆಯಿರಿ. ಸೀನಿದ ಹನಿ, ನೊಣದ ಚುಕ್ಕೆ, ಒಣಗಿದ ಚಹಾ, ಇವನ್ನು ಉಗುರಿನಿಂದ ಕೆರೆಯಬೇಡಿ. ತೇವ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಇಟ್ಟರೆ ಮೆತ್ತಗಾಗಿ ತಾನೇ ಬರುತ್ತದೆ. ಗೀರು ಬಿದ್ದರೆ ಟೂತ್‌ಪೇಸ್ಟ್ ಹಚ್ಚಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಲ್ಲು ಉಜ್ಜುವ ಪೇಸ್ಟಿನಲ್ಲಿ ಸಣ್ಣ ಪುಡಿ ಇರುತ್ತದೆ, ಗೀರಿನ ಸುತ್ತಲಿನ ಲೇಪವೂ ಹೋಗುತ್ತದೆ.

ಆಯುಧ ಪೂಜೆಯ ದಿನ ನಾವು ಕನ್ನಡದವರು ಕಂಪ್ಯೂಟರ್‌ಗೂ ಅರಿಶಿನ ಕುಂಕುಮ ಇಡುತ್ತೇವೆ. ಇಡಲೇಬೇಕು, ಮಕ್ಕಳ ಅನ್ನ ಅದರಿಂದಲೇ ಬರುವುದು. ಆದರೆ ಸ್ಕ್ರೀನ್ ಮೇಲೆ ಬೇಡ. ಅರಿಶಿನದ ಬಣ್ಣ ಪ್ಲಾಸ್ಟಿಕ್ಕಿಗೆ ಹತ್ತಿದರೆ ಸುಲಭವಾಗಿ ಬಿಡುವುದಿಲ್ಲ. ಕುಂಕುಮದ ಪುಡಿ ಹಿಂದಿನ ಗಾಳಿ ತೂತಿನೊಳಗೆ ಉದುರುತ್ತದೆ. ಮಾನಿಟರಿನ ಕಾಲಿಗೆ ಒಂದು ಬೊಟ್ಟು ಗಂಧ ಇಟ್ಟು, ಹೂವನ್ನು ಮುಂದೆ ಮೇಜಿನ ಮೇಲೆ ಇಡಿ. ತೀರ್ಥವನ್ನು ಪ್ರೋಕ್ಷಣೆ ಮಾಡದೆ ಬೆರಳ ತುದಿಯಿಂದ ಮೇಜಿಗೆ ಮುಟ್ಟಿಸಿ. ಆರತಿ ಎತ್ತುವಾಗ ಕರ್ಪೂರದ ಮಸಿ ತಾಗದ ಹಾಗೆ ಒಂದು ಮೊಳ ದೂರ ಇರಲಿ.

ಬಟ್ಟೆಗಳನ್ನು ಆಗಾಗ ಸೋಪಿನ ನೀರಿನಲ್ಲಿ ಕೈಯಲ್ಲೇ ಒಗೆಯಿರಿ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಶನರ್ ಹಾಕಬೇಡಿ, ಅದು ನೂಲಿಗೆ ಹತ್ತಿಕೊಂಡು ಮುಂದಿನ ಸಲ ಸ್ಕ್ರೀನ್ ಮೇಲೆ ಮಬ್ಬು ಬಿಡುತ್ತದೆ. ರಸ್ತೆ ಕಡೆಯ ಬಾಲ್ಕನಿಯಲ್ಲಿ ಒಣ ಹಾಕಿದರೆ ಮತ್ತೆ ಧೂಳು ಕೂರುತ್ತದೆ. ಮನೆಯೊಳಗೆ ಫ್ಯಾನ್ ಕೆಳಗೆ ಒಣಗಿಸಿ, ಕವರಿನಲ್ಲಿ ಹಾಕಿ, ಕಂಪ್ಯೂಟರ್ ಮೇಜಿನ ಡ್ರಾಯರಿನಲ್ಲೇ ಇಡಿ. ಅಡುಗೆಮನೆ ಬಟ್ಟೆಗಳ ಜೊತೆ ಒಮ್ಮೆ ಸೇರಿಹೋದರೆ ಅದನ್ನು ಅಲ್ಲೇ ಬಿಟ್ಟು ಸ್ಕ್ರೀನ್‌ಗೆ ಹೊಸದು ತನ್ನಿ.