40 ವರ್ಷ ಆದ್ಮೇಲೆ ಬ್ಯಾಚ್‌ನವರ ಬದುಕಿನ ಪುಸ್ತಕ ಮಾಡೋದು ಹೇಗೆ

ನಮ್ಮದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್, ಗಣಿತ, 1985ರ ಬ್ಯಾಚು. 40 ವರ್ಷ ಆಯ್ತು ಅಂತ ಎಲ್ಲರೂ ಸೇರಿದಾಗ ಒಂದು ಸ್ಮರಣ ಸಂಚಿಕೆ ತಂದ್ವಿ, ಒಬ್ಬೊಬ್ಬರಿಗೂ ಎರಡೆರಡು ಪುಟ, ಓದು ಮುಗಿದ್ಮೇಲೆ ಯಾರು ಏನಾದ್ರು ಅಂತ. ಅದನ್ನ ನೋಡಿದ ಬೇರೆ ಬ್ಯಾಚ್‌ನವರು ಹೆಂಗೆ ಮಾಡಿದ್ರಿ ಅಂತ ಕೇಳ್ತಾನೇ ಇದಾರೆ, ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ಗ್ರೂಪ್ ಫೋಟೋ ಹುಡುಕಿ. ಫೈನಲ್ ಇಯರ್‌ನಲ್ಲಿ ಡಿಪಾರ್ಟ್‌ಮೆಂಟ್ ಮುಂದೆ ತೆಗೆಸಿ, ರಟ್ಟಿಗೆ ಅಂಟಿಸಿ, ಕೆಳಗೆ ಕುಳಿತವರು, ನಿಂತವರು, ಎಡದಿಂದ ಬಲಕ್ಕೆ ಅಂತ ಹೆಸರು ಹಾಕಿರ್ತಾರಲ್ಲ, ಅದೇ ನಿಮ್ಮ ಲಿಸ್ಟು. ವಾಟ್ಸಾಪ್ ಗ್ರೂಪ್ ನೋಡ್ಕೊಂಡು ಲಿಸ್ಟ್ ಮಾಡಬೇಡಿ, ಅಲ್ಲಿರೋರು ಹೆಂಗಿದ್ರೂ ಸಿಗ್ತಾರೆ, ಕಳೆದುಹೋದವರ ಹೆಸರು ಉಳಿದಿರೋದು ಆ ರಟ್ಟಿನ ಮೇಲೆ ಮಾತ್ರ. ಆವತ್ತು ಫೋಟೋಗೆ ಬರದೇ ಇದ್ದವರ ಹೆಸರು ಕೊನೇ ಸಾಲಲ್ಲಿ 'ಗೈರುಹಾಜರು' ಅಂತ ಇರತ್ತೆ, ಅವರನ್ನೂ ಬಿಡಬೇಡಿ.

ಹುಡುಕೋಕೆ ಇನಿಷಿಯಲ್ಲೇ ದಾರಿ. ನಮ್ಮ ಕಡೆ ಎಷ್ಟೋ ಜನಕ್ಕೆ ಮೊದಲನೇ ಅಕ್ಷರ ಊರಿಂದು, ಎರಡನೇದು ಅಪ್ಪಂದು. ನಮ್ಮ ಒಬ್ಬ ಗೆಳೆಯ ಫೇಸ್‌ಬುಕ್‌ನಲ್ಲೂ ಇಲ್ಲ ಎಲ್ಲೂ ಇಲ್ಲ, ಕೊನೆಗೆ ಆ ಊರಿನ ಹೆಸರು ನೆನಪು ಮಾಡ್ಕೊಂಡು ಕೆ.ಆರ್. ನಗರದ ಕಡೆ ಹೋಗಿ ಹಾಲಿನ ಡೈರಿಲಿ ಕೇಳಿದ್ವಿ, ಬೆಳಗ್ಗೆ ಹಾಲು ಹಾಕೋಕೆ ಬಂದವರೇ ಮನೆ ತೋರಿಸಿದ್ರು. ಹೆಣ್ಣುಮಕ್ಕಳನ್ನ ಹುಡುಕೋದು ಇನ್ನೂ ಕಷ್ಟ, ಮದುವೆ ಆದ್ಮೇಲೆ ಹೆಸರಿನ ಹಿಂದೆ ಮುಂದೆ ಎಲ್ಲಾ ಬದಲಾಗಿರತ್ತೆ. ಹಾಸ್ಟೆಲ್ ರೂಮ್‌ಮೇಟ್‌ಗಳನ್ನ ಕೇಳಿ, ಯಾರಾದ್ರೂ ಒಬ್ಬರ ಮನೇಲಿ ಹಳೇ ಲಗ್ನಪತ್ರಿಕೆ ಇದ್ದೇ ಇರತ್ತೆ, ಅದರಲ್ಲಿ ಗಂಡನ ಮನೆಯವರ ಹೆಸರು, ಊರು, ಎಲ್ಲಾ ಸಿಗತ್ತೆ. ನಮಗೆ ಇಬ್ಬರು ಸಿಕ್ಕಿದ್ದು ಹಾಗೇನೇ.

ಇನ್ನು ವಿಷಯ ತಗೊಳ್ಳೋದು. ಗೂಗಲ್ ಫಾರ್ಮ್ ಕಳಿಸಬೇಡಿ. ನಾವು ಮೊದಲು ಅದನ್ನೇ ಮಾಡಿದ್ವಿ, ಬಂದಿದ್ದೆಲ್ಲ ಒಂದೇ ಥರ, ಇಂಥ ಹುದ್ದೆಯಿಂದ ನಿವೃತ್ತಿ, ಇಬ್ಬರು ಮಕ್ಕಳು, ಒಬ್ಬ ಅಮೆರಿಕಾದಲ್ಲಿ. ಇದು ಬಯೋಡೇಟಾ ಆಯ್ತು, ಬದುಕು ಎಲ್ಲಿ ಬಂತು? ಫೋನ್ ಮಾಡಿ ಮಾತಾಡಿಸಿ, ಒಬ್ಬೊಬ್ಬರಿಗೆ ಒಂದು ಗಂಟೆ ಇಟ್ಕೊಳ್ಳಿ. 'ನಿಮ್ಮ ಸಾಧನೆ ಏನು' ಅಂತ ಮಾತ್ರ ಕೇಳಬೇಡಿ, ಆ ಪದ ಕೇಳಿದ ತಕ್ಷಣ ಜನ ಮುದುರಿಕೊಳ್ತಾರೆ. ಮೊದಲನೇ ಸಂಬಳದಲ್ಲಿ ಏನು ತಗೊಂಡ್ರಿ, ಬಿಟ್ಟು ಬಂದ ಕೆಲಸ ಯಾವುದು, ಯಾವ ಟ್ರಾನ್ಸ್‌ಫರ್ ತುಂಬಾ ಕಷ್ಟ ಕೊಡ್ತು, 40ನೇ ವಯಸ್ಸಲ್ಲಿ ಎಲ್ಲಿದ್ರಿ, ಹಿಂಗೆ ಕೇಳಿ.

ನಮ್ಮ ಕ್ಲಾಸ್‌ಮೇಟ್ ಒಬ್ಬರು 'ನಂದೇನಿದೆ ರೀ ಬರಿಯೋಕೆ, ಮನೇಲೇ ಇದ್ದೆ' ಅಂದ್ರು. ಓದಿದ್ದ ಗಣಿತ ಕೊನೇ ಸಲ ಯಾವಾಗ ಉಪಯೋಗಕ್ಕೆ ಬಂತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋದ ತಿಂಗಳು ಅಂದ್ರು. ಎಸ್ಸೆಸ್ಸೆಲ್ಸಿಲಿ ಗಣಿತ ಫೇಲಾದ ಮಕ್ಕಳನ್ನ ಸಪ್ಲಿಮೆಂಟರಿಗೆ ಮುಂಚೆ ಮನೆ ಜಗುಲಿ ಮೇಲೆ ಕೂರಿಸಿಕೊಂಡು 26 ವರ್ಷದಿಂದ ದುಡ್ಡಿಲ್ಲದೆ ಪಾಠ ಹೇಳ್ತಿದಾರೆ, ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಮಗುವಿನ ಹೆಸರು, ಪಕ್ಕದಲ್ಲಿ ಬಂದ ಮಾರ್ಕ್ಸು. ಆ ನೋಟ್‌ಬುಕ್‌ನ ಒಂದು ಪುಟದ ಫೋಟೋನೇ ಪುಸ್ತಕದಲ್ಲಿ ಹಾಕಿದೀವಿ. ನನ್ನ ಪ್ರಕಾರ ಇಡೀ ಸಂಚಿಕೆಲಿ ಅದಕ್ಕಿಂತ ದೊಡ್ಡ ಪುಟ ಇಲ್ಲ.

ದೊಡ್ಡ ಹೆಸರುಗಳಿಂದ ಪುಸ್ತಕ ತುಂಬಿಸೋ ಆಸೆ ಬರತ್ತೆ. ನಮ್ಮ ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ, ಆರ್.ಕೆ. ನಾರಾಯಣ್ ಇಲ್ಲಿ ಓದಿದವರು, 1951ರಲ್ಲಿ ಬಿಎಸ್ಸಿ ಮುಗಿಸಿದ ಸಿ.ಎನ್.ಆರ್. ರಾವ್ ಅವರಿಗೆ ಭಾರತರತ್ನ ಕೊಟ್ಟಿದ್ದು 2014ರಲ್ಲಿ. ಅವರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ. ಆದ್ರೆ ಅವರಿಂದ ಕಲಿಯೋದು ಒಂದಿದೆ, ನಡುವಿನ ವರ್ಷಗಳನ್ನ ನೋಡೋದು. ಕುವೆಂಪು 1929ರಲ್ಲಿ ಎಂ.ಎ. ಮುಗಿಸಿ ಮಹಾರಾಜಾ ಕಾಲೇಜಲ್ಲೇ ಮೇಷ್ಟ್ರಾದ್ರು, 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿ ಆದ್ರು, ನಮ್ಮ ಕ್ಯಾಂಪಸ್‌ಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ಡಿಗ್ರಿ, ಕುರ್ಚಿ ಎರಡನ್ನೇ ಬರೆದ್ರೆ ನಡುವಿನ 27 ವರ್ಷ ಹೋಗೇಬಿಡತ್ತೆ, ಅವರ ಮಹಾಕಾವ್ಯ ಬಂದಿದ್ದು ಆ ವರ್ಷಗಳಲ್ಲೇ. ನಿಮ್ಮವರ ಪುಟದಲ್ಲೂ ಆ ನಡುವಿನದ್ದಕ್ಕೇ ಜಾಸ್ತಿ ಜಾಗ ಕೊಡಿ.

ತೀರಿಹೋದವರಿಗೂ ಅಷ್ಟೇ ಪುಟ ಇಡಿ, ಕೊನೇಲಿ ಎಲ್ಲರನ್ನೂ ಒಟ್ಟಿಗೆ ಸೇರಿಸಿ ಶ್ರದ್ಧಾಂಜಲಿ ಅಂತ ಹಾಕಬೇಡಿ, ಅಕಾರಾದಿಯಲ್ಲಿ ಅವರವರ ಜಾಗದಲ್ಲೇ ಬರಲಿ. ಮನೆಯವರಿಗೆ ಫೋನ್ ಮಾಡೋಕೆ ಹಿಂಜರಿಕೆ ಆಗತ್ತೆ, ಆದ್ರೂ ಮಾಡಿ. ನಮ್ಮ ಗೆಳೆಯನ ಮಗಳು ನಾನು ಕೇಳೋಕೆ ಮುಂಚೇನೇ 'ಅಂಕಲ್, ಅಪ್ಪ ಹಾಸ್ಟೆಲ್‌ನಲ್ಲಿ ಹೆಂಗಿದ್ರು' ಅಂತ ಕೇಳಿದ್ಳು, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅವನು ಹಾಡ್ತಿದ್ದಿದ್ದು ಆ ಮಗೂಗೆ ಗೊತ್ತೇ ಇರಲಿಲ್ಲ.

ಬರೆದಿದ್ದನ್ನ ಅವರವರಿಗೇ ಓದಿ ಹೇಳಿ, ಕಾಯಿಲೆ, ಸಾಲ, ಸಂಸಾರದ ವಿಷಯ ಬೇಡ ಅಂದ್ರೆ ಮರು ಮಾತಾಡದೆ ತೆಗೀರಿ. ಫೋಟೋನ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ, ಸುಮ್ನೆ ಕಳಿಸಿದ್ರೆ ಅಚ್ಚಲ್ಲಿ ಮಸುಕಾಗತ್ತೆ. ನಾವು ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ವಿ, ಪ್ರೆಸ್‌ನವರು ಅದನ್ನ 'ನುಡಿ' ಅನ್ನೋ ಕನ್ನಡ ಸಾಫ್ಟ್‌ವೇರ್‌ನ ಫಾಂಟ್‌ಗೆ ಕನ್ವರ್ಟ್ ಮಾಡ್ದಾಗ ಒತ್ತಕ್ಷರ, ಅರ್ಕಾವತ್ತು ಎಷ್ಟೋ ಕಡೆ ಕೆಟ್ಟುಹೋಯ್ತು, ಅದೂ ಹೆಸರುಗಳಲ್ಲೇ. ಅದಕ್ಕೆ ಪ್ರೂಫನ್ನ ಕಾಗದದ ಮೇಲೆ ತೆಗೆಸಿ ಇಬ್ಬರು ಕೂತು ಜೋರಾಗಿ ಓದಿ.

ಪ್ರತಿ ಹಾಕಿಸುವಾಗ ಬ್ಯಾಚ್‌ನ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿನೇ ಹಾಕಿಸಿ, ಡಿಪಾರ್ಟ್‌ಮೆಂಟ್ ಲೈಬ್ರರಿಗೆ ಒಂದು ಕೊಡಿ, ಮಕ್ಕಳಿಗೆ ಕೊಡೋಕೆ ಅಂತ ಆಮೇಲೆ ಕೇಳೋರು ತುಂಬಾ. ಆ ಕೆ.ಆರ್. ನಗರದ ಗೆಳೆಯನಿಗೆ ನಾವು ಡೈರಿ ಅಡ್ರೆಸ್‌ಗೇ ಎರಡು ಪ್ರತಿ ಕಳಿಸಿದ್ವಿ, ಒಂದು ಅವನಿಗೆ, ಒಂದು ಮನೆ ತೋರಿಸಿದವರಿಗೆ.