ಯುದ್ಧಕಾಲದ ಚಿತ್ರದಲ್ಲಿ ಸೆನ್ಸಾರ್‌ನ ಕೈವಾಡವನ್ನು ಗುರುತಿಸುವ ಬಗೆ

ಯುದ್ಧಕಾಲದಲ್ಲಿ ತಯಾರಾದ ಚಲನಚಿತ್ರವನ್ನು ಅಭ್ಯಾಸಕ್ಕೆ ಎತ್ತಿಕೊಂಡವರು ಸಾಮಾನ್ಯವಾಗಿ ಕತ್ತರಿ ಬಿದ್ದ ದೃಶ್ಯಗಳನ್ನು ಹುಡುಕಲು ಹೊರಡುತ್ತಾರೆ. ಆದರೆ ಸರ್ಕಾರದ ಹಿಡಿತ ಹೆಚ್ಚಾಗಿ ಕೆಲಸ ಮಾಡಿರುವುದು ಚಿತ್ರೀಕರಣಕ್ಕೆ ಮುನ್ನವೇ. ಆದ್ದರಿಂದ ಚಿತ್ರವನ್ನು ಒಮ್ಮೆ ಪೂರ್ತಿಯಾಗಿ ನೋಡಿದ ಮೇಲೆ ಮೊದಲು ಕೈಹಾಕಬೇಕಾದದ್ದು ಕಾಗದಪತ್ರಗಳಿಗೆ.

ಆ ದೇಶದಲ್ಲಿ ಆಗ ಯಾರಿಗೆ ಯಾವ ಅಧಿಕಾರವಿತ್ತು ಎಂಬುದನ್ನು ಖಚಿತಪಡಿಸಿಕೊಳ್ಳಿ. ಜಪಾನಿನ 1939ರ ಚಲನಚಿತ್ರ ಕಾನೂನಿನಡಿ ಚಿತ್ರಕಥೆಯೇ ಮೊದಲು ಪರಿಶೀಲನೆಗೆ ಒಳಗಾಗಬೇಕಿತ್ತು. ಅಮೆರಿಕದಲ್ಲಿ 1942ರಲ್ಲಿ ಸ್ಥಾಪನೆಯಾದ ಯುದ್ಧ ಮಾಹಿತಿ ಕಚೇರಿಗೆ ಚಿತ್ರವನ್ನು ನಿಷೇಧಿಸುವ ಅಧಿಕಾರವೇ ಇರಲಿಲ್ಲ. ಅದು ಹಾಲಿವುಡ್‌ಗೆ ಕೈಪಿಡಿಯೊಂದನ್ನು ಕೊಟ್ಟು, ಈ ಚಿತ್ರ ಯುದ್ಧ ಗೆಲ್ಲಲು ನೆರವಾಗುತ್ತದೆಯೇ ಎಂದು ನಿರ್ಮಾಪಕರೇ ಕೇಳಿಕೊಳ್ಳುವಂತೆ ಸೂಚಿಸಿತು. ರಫ್ತಿನ ಪರವಾನಗಿ ಮಾತ್ರ ಸರ್ಕಾರದ ಇನ್ನೊಂದು ಅಂಗವಾದ ಸೆನ್ಸಾರ್ ಕಚೇರಿಯ ಕೈಯಲ್ಲಿದ್ದುದರಿಂದ, ಹೊರದೇಶದ ಗಳಿಕೆಯನ್ನು ನೆಚ್ಚಿದ್ದ ಸ್ಟುಡಿಯೋಗಳಿಗೆ ಆ ‘ಸಲಹೆ’ಯನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಇಂಥ ಕಡೆ ನಿಷೇಧದ ಆದೇಶವನ್ನು ಹುಡುಕಿ ಫಲವಿಲ್ಲ, ಪತ್ರವ್ಯವಹಾರವನ್ನು ಓದಬೇಕು.

ಅನುಮೋದನೆ ಪಡೆದ ಚಿತ್ರಕಥೆ ಸಿಕ್ಕರೆ ಅದನ್ನು ಪಕ್ಕದಲ್ಲಿಟ್ಟುಕೊಂಡು ದೃಶ್ಯ ದೃಶ್ಯವಾಗಿ ಹೋಲಿಸಿ ನೋಡಿ. ಜಪಾನಿನ ನಿರ್ದೇಶಕ ಕಿನೊಶಿಟಾ ಕೇಸುಕೆ 1944ರಲ್ಲಿ ಸೇನೆಗಾಗಿಯೇ ಮಾಡಿದ ‘ರಿಕುಗುನ್’ ಇದಕ್ಕೆ ಒಳ್ಳೆಯ ಪಾಠ. ಕೊನೆಯಲ್ಲಿ ತಾಯಿ ಮಗನನ್ನು ಬೀಳ್ಕೊಡುತ್ತಾಳೆ ಎಂದಷ್ಟೇ ಚಿತ್ರಕಥೆಯಲ್ಲಿತ್ತು. ತೆರೆಯ ಮೇಲೆ ಆ ತಾಯಿ ಮಾತಿಲ್ಲದೆ, ಜನಸಂದಣಿಯನ್ನು ಸೀಳಿಕೊಂಡು, ಸಾಲಾಗಿ ಸಾಗುವ ಸೈನಿಕರ ನಡುವೆ ಮಗನ ಮುಖವನ್ನು ಹುಡುಕುತ್ತ ನಿಮಿಷಗಟ್ಟಲೆ ಓಡುತ್ತಾಳೆ. ಕಾಗದದ ಮೇಲೆ ಆಕ್ಷೇಪಿಸಲು ಏನೂ ಇರಲಿಲ್ಲ. ಸೇನೆ ಸಿಟ್ಟಾದದ್ದು ಚಿತ್ರವನ್ನು ನೋಡಿದ ಮೇಲೆ.

ಹಾಡುಗಳನ್ನೂ ಬಿಡಬೇಡಿ. 1943ರ ಹಿಂದಿ ಚಿತ್ರ ‘ಕಿಸ್ಮತ್’ನಲ್ಲಿ ಹಿಂದುಸ್ತಾನ ನಮ್ಮದು, ದೂರ ಸರಿಯಿರಿ ಎಂದು ಸಾರುವ ಹಾಡು ಜರ್ಮನ್ ಮತ್ತು ಜಪಾನಿಯರ ಹೆಸರೆತ್ತಿದ್ದರಿಂದ ಬ್ರಿಟಿಷರ ವಿರೋಧಿಗಳ ಮೇಲಿನ ಹಾಡೆಂದು ತೋರಿಸಿಕೊಳ್ಳಲು ಅವಕಾಶವಿತ್ತು. ಕೇಳುಗರಿಗೆ ಅದು ಯಾರ ಕುರಿತದ್ದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಿಷೇಧಕ್ಕೆ ಕೊಟ್ಟ ಕಾರಣವನ್ನು ಹಾಗೆಯೇ ನಂಬಬೇಡಿ. ಯುದ್ಧದಲ್ಲಿ ಮನಸ್ಸು ಘಾಸಿಗೊಂಡ ಸೈನಿಕರ ಚಿಕಿತ್ಸೆಯನ್ನು ಕುರಿತು ಜಾನ್ ಹ್ಯೂಸ್ಟನ್ ಅಮೆರಿಕದ ಸೇನೆಗಾಗಿ ಮಾಡಿದ ಸಾಕ್ಷ್ಯಚಿತ್ರವನ್ನು, ರೋಗಿಗಳ ಖಾಸಗಿತನದ ಹೆಸರಿನಲ್ಲಿ, 1946ರಿಂದ 1980ರವರೆಗೆ ಸಾರ್ವಜನಿಕ ಪ್ರದರ್ಶನದಿಂದ ದೂರವಿಡಲಾಗಿತ್ತು. ಆ ಕಾರಣ ಪೂರ್ತಿ ಸುಳ್ಳಲ್ಲದಿರಬಹುದು, ಆದರೆ ಯೋಧನ ಗಟ್ಟಿತನದ ಚಿತ್ರಣಕ್ಕೆ ಧಕ್ಕೆ ಬರುತ್ತದೆಂಬ ಅಳುಕನ್ನು ಅದು ಚೆನ್ನಾಗಿಯೇ ಮರೆಮಾಡಿತು.

ಕೊನೆಗೆ ಉದ್ದವನ್ನು ಅಳೆಯಿರಿ. 35 ಮಿ.ಮೀ. ವಾಕ್ಚಿತ್ರ ನಿಮಿಷಕ್ಕೆ 90 ಅಡಿ ಓಡುತ್ತದೆ. ಸೆನ್ಸಾರ್ ಪ್ರಮಾಣಪತ್ರದಲ್ಲಿ 9,000 ಅಡಿ ಎಂದಿದ್ದು ಕೈಯಲ್ಲಿರುವ ಪ್ರತಿ 90 ನಿಮಿಷವಷ್ಟೇ ಇದ್ದರೆ, 10 ನಿಮಿಷದ ಲೆಕ್ಕ ಕೇಳಬೇಕಾಗುತ್ತದೆ. ಆದರೆ ಕಾಣೆಯಾದ ಪ್ರತಿ ಅಡಿಯನ್ನೂ ಸೆನ್ಸಾರ್‌ನ ತಲೆಗೆ ಕಟ್ಟಬಾರದು: ಮರುಬಿಡುಗಡೆಗೆಂದು ವಿತರಕರು ಮೊಟಕು ಮಾಡಿದ್ದೂ, ರೀಲು ಸವೆದು ಹರಿದದ್ದೂ ಅದರಲ್ಲಿ ಸೇರಿರಬಹುದು. ಆದೇಶದ ಪ್ರತಿ ಸಿಗುವವರೆಗೆ ಟಿಪ್ಪಣಿಯಲ್ಲಿ ‘ಕಾರಣ ತಿಳಿದಿಲ್ಲ’ ಎಂದೇ ದಾಖಲಿಸಿ.