ಬೆಣ್ಣೆಹಣ್ಣಿನ ಬಟ್ಟಲಲ್ಲಿ ಟೆಕ್ಸಸ್ ರುಚಿ

ನಮ್ಮಲ್ಲಿ ಬೆಣ್ಣೆಹಣ್ಣು ಅಂದರೆ ಜ್ಯೂಸ್ ಅಂಗಡಿಯ ಮಿಲ್ಕ್‌ಶೇಕ್. ಅಮೆರಿಕದ ಟೆಕ್ಸಸ್‌ನಲ್ಲಿ ಇದೇ ಅವಕಾಡೊ ಉಪ್ಪು, ನಿಂಬೆ, ಜೀರಿಗೆಯ ಜೊತೆ ಊಟದ ತಟ್ಟೆಗೆ ಬರುತ್ತದೆ. ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದ ಗುಳಿಗೆ ಜೋಳ, ಕಾಳು, ಟೊಮೆಟೊ ತುಂಬಿ, ಫಹೀಟಾ (ಸುಟ್ಟ ಮಾಂಸ, ತರಕಾರಿಯನ್ನು ರೊಟ್ಟಿಯೊಡನೆ ಬಡಿಸುವ ತಿನಿಸು) ಅಥವಾ ಎಂಚಿಲಾಡದ (ಹೂರಣ ಸುತ್ತಿ ಮೆಣಸಿನ ಸಾಸ್ ಸುರಿದ ರೊಟ್ಟಿ) ಪಕ್ಕದಲ್ಲಿ ತಲೆಗೊಂದು ಹೋಳಿನ ಲೆಕ್ಕದಲ್ಲಿ ಇಡುತ್ತಾರೆ. ಗಡಿಯಾಚೆ ಮೆಕ್ಸಿಕೊದಲ್ಲೂ ತುಂಬಿದ ಅವಕಾಡೊ ಉಂಟು, ಆದರೆ ಅಲ್ಲಿ ಹೆಚ್ಚಾಗಿ ಟ್ಯೂನಾ ಮೀನು ಇಲ್ಲವೇ ಸೀಗಡಿ ತುಂಬುತ್ತಾರೆ. ಧಾರಾಳ ಜೀರಿಗೆ, ಹಳದಿ ಚೆಡ್ಡಾರ್ ಚೀಸ್, ಚಿಲಿ ಪೌಡರ್ ಸೇರಿದಾಗ ಅದು ಟೆಕ್ಸ್-ಮೆಕ್ಸ್, ಅಂದರೆ ಟೆಕ್ಸಸ್ ಮತ್ತು ಮೆಕ್ಸಿಕೊ ಬೆರೆತ ಅಡುಗೆ.

ನಮ್ಮ ಎಣ್ಣೆಗಾಯಿಯ ಹಾಗೆ ಇಲ್ಲಿ ತುಂಬಿದ ಮೇಲೆ ಬೇಯಿಸುವುದಿಲ್ಲ. ಹಾಗಾಗಿ ತಪ್ಪು ತಿದ್ದಿಕೊಳ್ಳಲು ಅವಕಾಶವೂ ಇಲ್ಲ. ಕೆಡುವುದು ಎರಡೇ ಕಡೆ: ಹಣ್ಣಿನ ಹದದಲ್ಲಿ, ಹೂರಣದ ನೀರಿನಲ್ಲಿ.

ಮೊದಲು ಹಣ್ಣು

ಟೆಕ್ಸಸ್‌ನ ಅಂಗಡಿಗಳಲ್ಲಿ ಸಿಗುವುದು ಬಹುತೇಕ ಹಾಸ್ ತಳಿ. ಕ್ಯಾಲಿಫೋರ್ನಿಯಾದ ಅಂಚೆಯವ ರುಡಾಲ್ಫ್ ಹಾಸ್ 1935ರಲ್ಲಿ ಪೇಟೆಂಟ್ ಪಡೆದ ತಳಿ ಇದು. ಒಂದು ಹಣ್ಣು ಸುಮಾರು 200 ಗ್ರಾಂ ತೂಗುತ್ತದೆ. ಎಣ್ಣೆಯಂಶ ಹೆಚ್ಚು, ತಿರುಳು ಬಿಗಿ, ಸಿಪ್ಪೆ ಒರಟು ಮತ್ತು ದಪ್ಪ. ಬಟ್ಟಲಿನಂತೆ ನಿಲ್ಲಲು ಹೇಳಿ ಮಾಡಿಸಿದಂತಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಹಣ್ಣಿನ ಸ್ವಭಾವ ಬೇರೆ. ಅರ್ಧ ಕಿಲೋ ದಾಟುವುದೂ ಉಂಟು, ನೀರಿನಂಶ ಜಾಸ್ತಿ, ಸಿಪ್ಪೆ ತೆಳು. ಹಾಸ್ ಹಣ್ಣಾದಂತೆ ಕಪ್ಪಾಗುತ್ತದೆ, ನಮ್ಮದರಲ್ಲಿ ಎಷ್ಟೋ ಹಣ್ಣು ಕಳಿತ ಮೇಲೂ ಹಸಿರೇ. ಆದ್ದರಿಂದ ಬಣ್ಣ ನಂಬಬೇಡಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಬೀಜ ಗಡಗಡ ಅಂದರೆ ಅದು ಹಣ್ಣಾಗಿರುವ ಸೂಚನೆ. ಹಾಸ್‌ಗೆ ಈ ಪರೀಕ್ಷೆ ನಡೆಯದು, ಅದರ ಬೀಜ ತಿರುಳಿಗೆ ಕಚ್ಚಿಕೊಂಡೇ ಇರುತ್ತದೆ.

ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ತುಸು ಬಾಗಬೇಕು, ಗುಳಿ ಬೀಳಬಾರದು. ಮಿಲ್ಕ್‌ಶೇಕಿಗೆ ಬೇಕಾದ ಹದಕ್ಕಿಂತ ಒಂದು ದಿನ ಹಿಂದಿನ ಹದ ಅನ್ನಿ. ಪೂರ್ತಿ ಮೆತ್ತಗಾದ ಹಣ್ಣು ಚಮಚ ಇಟ್ಟ ಕೂಡಲೇ ಕುಸಿಯುತ್ತದೆ.

ಈ ಹಣ್ಣು ಮರದಲ್ಲಿ ಮೆತ್ತಗಾಗುವುದಿಲ್ಲ, ಕಿತ್ತ ಮೇಲೆಯೇ ಹಣ್ಣಾಗುವುದು. ಗಟ್ಟಿಕಾಯಿ ತಂದಿದ್ದರೆ ಒಂದು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಸುತ್ತಿಡಿ. ಬಾಳೆ ಬಿಡುವ ಎಥಿಲೀನ್ ಅನಿಲದಿಂದ ಬೇಗ ಹಣ್ಣಾಗುತ್ತದೆ. ಕಾಯಿಯನ್ನೇ ಫ್ರಿಜ್ಜಿನಲ್ಲಿಟ್ಟರೆ ಅಲ್ಲಿಗೆ ಕಥೆ ಮುಗಿಯಿತು, ಚಳಿಗೆ ತಿರುಳು ಕಪ್ಪಿಟ್ಟು ಸರಿಯಾಗಿ ಹಣ್ಣಾಗುವುದೇ ಇಲ್ಲ. ಹಣ್ಣಾದ ಮೇಲೆ ಒಂದೆರಡು ದಿನ ಫ್ರಿಜ್ಜಿನಲ್ಲಿಡಬಹುದು.

ಚಿಲಿ ಪೌಡರ್ ಅಂದರೆ ಖಾರದ ಪುಡಿಯಲ್ಲ

ಅಮೆರಿಕದ ಪಾಕವಿಧಾನ ಓದಿ ಮಾಡುವವರು ಎಡವುವುದು ಇಲ್ಲೇ. ‘ಎರಡು ಚಮಚ ಚಿಲಿ ಪೌಡರ್’ ಅಂತ ಬರೆದದ್ದನ್ನು ನೋಡಿ ಎರಡು ಚಮಚ ಗುಂಟೂರು ಪುಡಿ ಸುರಿದರೆ ಯಾರೂ ಬಾಯಿಗೆ ಇಡಲಾರರು. ಟೆಕ್ಸಸ್‌ನ ಚಿಲಿ ಪೌಡರ್ ಒಂದು ಮಸಾಲೆ ಪುಡಿ: ಖಾರ ಕಡಿಮೆಯಿರುವ ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಒರೆಗಾನೊ. ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ 1890ರ ದಶಕದಲ್ಲಿ ಅಲ್ಲಿಯ ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ ಇದನ್ನು ಮಾಡಿ ಮಾರತೊಡಗಿದ. ಮನೆಯಲ್ಲಿ ಮಾಡಲು ಬ್ಯಾಡಗಿ ಮೆಣಸಿನ ಪುಡಿಯೇ ಸರಿ, ಬಣ್ಣ ಹೆಚ್ಚು, ಖಾರ ಮಿತ. ಬ್ಯಾಡಗಿ ಪುಡಿ 2 ಸಣ್ಣ ಚಮಚ, ಹುರಿದು ಕುಟ್ಟಿದ ಜೀರಿಗೆ 1 ಸಣ್ಣ ಚಮಚ, ಬೆಳ್ಳುಳ್ಳಿ ಪುಡಿ ಅರ್ಧ, ಒರೆಗಾನೊ ಅರ್ಧ ಚಮಚ ಬೆರೆಸಿ. ಒರೆಗಾನೊ ಇಲ್ಲವೇ? ದೊಡ್ಡಪತ್ರೆಯ ಅರ್ಧ ಎಲೆಯನ್ನು ಸಣ್ಣಗೆ ಹೆಚ್ಚಿ ಹೂರಣಕ್ಕೆ ಹಾಕಿ. ಘಾಟು ಅದೇ ಜಾತಿಯದು, ಆದರೆ ಜೋರು. ಒಂದಿಡೀ ಎಲೆ ಹಾಕಿದರೆ ಕಷಾಯದ ವಾಸನೆ ಬಂದೀತು.

ಹೂರಣ

ಮೂರು ಹಾಸ್ ಹಣ್ಣು, ಅಂದರೆ ಆರು ಹೋಳಿಗೆ: ಬೇಯಿಸಿದ ಸ್ವೀಟ್ ಕಾರ್ನ್ ಅರ್ಧ ಕಪ್, ಬೇಯಿಸಿದ ಕಪ್ಪು ಬೀನ್ಸ್ ಅರ್ಧ ಕಪ್, ಗಟ್ಟಿ ಟೊಮೆಟೊ 1, ಸಣ್ಣಗೆ ಹೆಚ್ಚಿದ ಈರುಳ್ಳಿ 2 ದೊಡ್ಡ ಚಮಚ, ಹಸಿಮೆಣಸಿನಕಾಯಿ 1, ಹೆಚ್ಚಿದ ಕೊತ್ತಂಬರಿ ಸೊಪ್ಪು 2 ದೊಡ್ಡ ಚಮಚ, ಮೇಲೆ ಹೇಳಿದ ಪುಡಿ 1 ಸಣ್ಣ ಚಮಚ, ನಿಂಬೆರಸ 2 ದೊಡ್ಡ ಚಮಚ, ಉಪ್ಪು ಅರ್ಧ ಸಣ್ಣ ಚಮಚ, ತುರಿದ ಚೆಡ್ಡಾರ್ 50 ಗ್ರಾಂ. ಅಲ್ಲಿ ಹಾಲಪೀನ್ಯೊ ಮೆಣಸಿನಕಾಯಿ ಬಳಸುತ್ತಾರೆ. ನಮ್ಮ ಸಣ್ಣ ಹಸಿಮೆಣಸು ಅದಕ್ಕಿಂತ ಬಹಳ ಖಾರ, ಬೀಜ ತೆಗೆದು ಅರ್ಧವೇ ಹಾಕಿದರೂ ಸಾಕಾದೀತು.

ಕಪ್ಪು ಬೀನ್ಸ್ ಡಲ್ಲಾಸ್, ಹ್ಯೂಸ್ಟನ್ನಿನ ಕನ್ನಡಿಗರಿಗೆ ಡಬ್ಬದಲ್ಲೇ ಸಿಗುತ್ತದೆ. ಅದರ ಲೋಳೆ ನೀರು ಚೆಲ್ಲಿ, ಕಾಳನ್ನು ಎರಡು ಸಲ ತೊಳೆಯಬೇಕು. ಇಲ್ಲಿ ಸಿಗದಿದ್ದರೆ ಅಲಸಂದೆ ಹಾಕಿ. ಇದು ರಾಜಿಯಲ್ಲ. 1940ರ ಸುಮಾರಿಗೆ ಬಾಣಸಿಗಿತ್ತಿ ಹೆಲೆನ್ ಕಾರ್ಬಿಟ್ ಟೆಕ್ಸಸ್‌ನಲ್ಲಿ ಜನಪ್ರಿಯಗೊಳಿಸಿದ ‘ಟೆಕ್ಸಸ್ ಕ್ಯಾವಿಯರ್’ ಎಂಬ ಸಲಾಡ್ ಮಾಡುವುದು ಅಲಸಂದೆಯಿಂದಲೇ. ಮೂರ್ನಾಲ್ಕು ಗಂಟೆ ನೆನೆಸಿ, ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ. ಕಾಳು ಬೆಂದಿರಬೇಕು, ಒಡೆದಿರಬಾರದು. ರಾಜ್ಮಾ ಆದರೆ ರಾತ್ರಿಯಿಡೀ ನೆನೆಸಿ ಚೆನ್ನಾಗಿ ಕುದಿಸಿ ಬೇಯಿಸಲೇಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ.

ಈಗ ನೀರಿನ ವಿಚಾರ. ಕಾಳನ್ನು ಬಸಿದು, ಒಣ ಬಟ್ಟೆಯ ಮೇಲೆ ಹರಡಿ ಹತ್ತು ನಿಮಿಷ ಬಿಡಿ. ಟೊಮೆಟೊವನ್ನು ನಾಲ್ಕು ಸೀಳು ಮಾಡಿ, ಬೀಜ ಮತ್ತು ಲೋಳೆಯನ್ನು ಬೆರಳಿನಿಂದ ತಳ್ಳಿಹಾಕಿ, ಉಳಿದ ಗಟ್ಟಿ ಭಾಗವನ್ನು ಕಾಳಿನಷ್ಟೇ ಸಣ್ಣಗೆ ಹೆಚ್ಚಿ. ಕಬ್ಬಿಣದ ಕಾವಲಿಯನ್ನು ಎಣ್ಣೆ ಹಾಕದೆ ಚೆನ್ನಾಗಿ ಕಾಯಿಸಿ, ಒರೆಸಿದ ಜೋಳವನ್ನು ಒಂದೇ ಪದರವಾಗಿ ಹರಡಿ. ಎರಡು ನಿಮಿಷ ಕೈಯಾಡಿಸಬೇಡಿ. ಕಾಳಿನ ಬೆನ್ನ ಮೇಲೆ ಕಂದು ಚುಕ್ಕೆ ಮೂಡಿ, ಒಂದೆರಡು ಚಟ್ ಎಂದು ಸಿಡಿದಾಗ ತಿರುವಿ. ಒಟ್ಟು ಆರೇಳು ನಿಮಿಷ. ಪದೇಪದೇ ಕಲಕಿದರೆ ಜೋಳ ಬೆವರುತ್ತದೆ, ಸುಟ್ಟ ರುಚಿ ಬರುವುದಿಲ್ಲ. ಪೂರ್ತಿ ಆರಿದ ಮೇಲೆಯೇ ಉಳಿದದ್ದಕ್ಕೆ ಸೇರಿಸಿ.

ಉಪ್ಪು ಮತ್ತು ಒಂದು ದೊಡ್ಡ ಚಮಚ ನಿಂಬೆರಸ ತುಂಬುವ ಹೊತ್ತಿಗೇ. ಮೊದಲೇ ಬೆರೆಸಿದರೆ ಉಪ್ಪು ಈರುಳ್ಳಿ, ಟೊಮೆಟೊಗಳಿಂದ ನೀರೆಳೆದು ಪಾತ್ರೆಯ ತಳದಲ್ಲಿ ಸಾರು ನಿಲ್ಲಿಸುತ್ತದೆ. ಬೆಳಿಗ್ಗೆಯೇ ಹೆಚ್ಚಿಟ್ಟುಕೊಳ್ಳುವವರು ಉಪ್ಪು, ಹುಳಿ ಎರಡನ್ನೂ ಬಿಟ್ಟು ಫ್ರಿಜ್ಜಿನಲ್ಲಿಡಿ.

ಕೊಯ್ಯುವುದು, ತುಂಬುವುದು

ಹಣ್ಣನ್ನು ಹಲಗೆಯ ಮೇಲಿಟ್ಟು, ತೊಟ್ಟಿನಿಂದ ಉದ್ದಕ್ಕೆ ಚಾಕು ಬೀಜಕ್ಕೆ ತಾಗುವವರೆಗೆ ಇಳಿಸಿ, ಹಣ್ಣನ್ನೇ ಸುತ್ತ ತಿರುಗಿಸಿ. ಎರಡು ಕೈಯಲ್ಲಿ ಹಿಡಿದು ತಿರುಚಿದರೆ ಹೋಳು ಬಿಡುತ್ತದೆ. ಅಂಗೈಯಲ್ಲಿ ಹೋಳು ಹಿಡಿದು ಬೀಜಕ್ಕೆ ಚಾಕು ಬೀಸುವುದನ್ನು ವಿಡಿಯೊಗಳಲ್ಲಿ ನೋಡಿರಬಹುದು. ದಯವಿಟ್ಟು ಬೇಡ. ಚಾಕು ಜಾರಿ ಅಂಗೈ ಕೊಯ್ದುಕೊಂಡವರ ಗಾಯಕ್ಕೆ ವೈದ್ಯರು ‘ಅವಕಾಡೊ ಹ್ಯಾಂಡ್’ ಅನ್ನುವ ಹೆಸರನ್ನೇ ಇಟ್ಟಿದ್ದಾರೆ. ಬೀಜದ ಅಂಚಿಗೆ ಚಮಚ ತೂರಿಸಿ ಎಬ್ಬಿಸಿದರೆ ಸಾಕು.

ಬೀಜದ ಗುಳಿಯಲ್ಲಿ ಎರಡು ಚಮಚವೂ ಹಿಡಿಯುವುದಿಲ್ಲ. ಸುತ್ತ ಒಂದು ಬೆರಳಿನ ದಪ್ಪ ತಿರುಳು ಬಿಟ್ಟು ಒಳಗಿನದನ್ನು ಕೆರೆದು, ಸಣ್ಣ ತುಂಡು ಮಾಡಿ ಹೂರಣಕ್ಕೇ ಹಾಕಿ. ಹೋಳು ಉರುಳದಂತೆ ಬೆನ್ನಿನ ಸಿಪ್ಪೆಯನ್ನು ರೂಪಾಯಿ ನಾಣ್ಯದಗಲ ತೆಳುವಾಗಿ ಸವರಿ. ಆಳಕ್ಕೆ ಹೋದರೆ ತೂತಾಗಿ ರಸ ಸೋರುತ್ತದೆ. ಕೊಯ್ದ ಮುಖಕ್ಕೆಲ್ಲ ಉಳಿದ ನಿಂಬೆರಸ ಸವರಿ, ಚಿಟಿಕೆ ಉಪ್ಪು ಉದುರಿಸಿ. ಗಾಳಿ ತಾಗಿದರೆ ತಿರುಳು ಕಂದಾಗುತ್ತದೆ. ಹುಳಿ ಅದನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬೀಜ ಒಳಗೇ ಬಿಟ್ಟರೆ ಕಪ್ಪಾಗದು ಎನ್ನುವ ಮಾತು ಬೀಜ ಮುಚ್ಚಿದಷ್ಟು ಜಾಗಕ್ಕೆ ಮಾತ್ರ ನಿಜ. ಆದ್ದರಿಂದ ಬಡಿಸುವ ಅರ್ಧ ಗಂಟೆಯೊಳಗೆ ಕೊಯ್ಯಿರಿ.

ಹೂರಣವನ್ನು ಗೋಪುರದಂತೆ ಏರಿಸಿ, ಮೇಲೆ ಚೀಸ್ ಉದುರಿಸಿ. ಚೆಡ್ಡಾರ್ ಬದಲು ಉಪ್ಪು ಬೆರೆಸಿ ಪುಡಿಮಾಡಿದ ಪನೀರ್ ಕೂಡ ಒಗ್ಗುತ್ತದೆ. ಊರಿನ ದೊಡ್ಡ ಹಣ್ಣಾದರೆ ಅರ್ಧ ಹೋಳೇ ಒಂದು ಊಟವಾದೀತು. ಉದ್ದಕ್ಕೆ ನಾಲ್ಕು ಸೀಳು ಮಾಡಿ, ಗುಳಿಯ ಮೇಲೆ ಹೂರಣ ಹರಡಿ.

ಚೀಸ್ ಕರಗಿಸಿಯೇ ತಿನ್ನಬೇಕು ಅನ್ನುವವರು ಒವನ್ನನ್ನು ಮೊದಲೇ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಐದಾರು ನಿಮಿಷ ಮಾತ್ರ ಇಡಿ. ಹೆಚ್ಚು ಹೊತ್ತು ಬಿಸಿಯಾದರೆ ಬೆಣ್ಣೆಹಣ್ಣು ಕಹಿಯಾಗುತ್ತದೆ, ಆಮೇಲೆ ಯಾವ ಉಪ್ಪು, ಹುಳಿಯೂ ಅದನ್ನು ಮುಚ್ಚಲಾರದು.

ಮಿಕ್ಕ ಹೂರಣ ಫ್ರಿಜ್ಜಿನಲ್ಲಿ ಮರುದಿನದವರೆಗೆ ಇರುತ್ತದೆ. ತುಂಬಿದ ಹೋಳು ಇರುವುದಿಲ್ಲ. ಹೂರಣದ ಸಮೇತ ಕಿವುಚಿ, ಅಂದೇ ರಾತ್ರಿ ಚಪಾತಿಯಲ್ಲಿ ಸುತ್ತಿ ತಿಂದುಬಿಡಿ.